ಮೂಲವ್ಯಾಧಿಗೆ ಹೊರರೋಗಿ ಚಿಕಿತ್ಸೆಗಳು: ಯಾವುದು ಯಾರಿಗೆ?



ಹಬ್ಬದ ಊಟ, ಮಕ್ಕಳ ನೃತ್ಯ, ಕನ್ನಡ ತರಗತಿಗಳ ಸುದ್ದಿಯ ಪಕ್ಕದಲ್ಲಿ ಇಂಥ ಲೇಖನವೊಂದು ಏಕೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಸ್ಟ್ರಾಟ್‌ಫರ್ಡ್, ಈಸ್ಟ್ ಹ್ಯಾಮ್, ಇಲ್ಫರ್ಡ್ ಕಡೆಯ ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ಬಿ.ಪಿ., ಶುಗರ್, ಮಂಡಿನೋವಿನ ಮಾತು ಊಟದ ಎಲೆಯ ಮುಂದೆಯೇ ಶುರುವಾಗುತ್ತದೆ. ಮೂಲವ್ಯಾಧಿಯ ಮಾತು ಮಾತ್ರ ಕಾರ್ ಪಾರ್ಕಿನಲ್ಲಿ, ಪಿಸುದನಿಯಲ್ಲಿ, "ನನಗಲ್ಲ, ನಮ್ಮ ಸ್ನೇಹಿತರೊಬ್ಬರಿಗೆ" ಎಂಬ ಪೀಠಿಕೆಯೊಂದಿಗೆ ನಡೆಯುತ್ತದೆ. ಹೀಗೆ ನಮ್ಮನ್ನು ಕೇಳಿದವರೊಬ್ಬರಿಗೆ ಎರಡು ವರ್ಷದಿಂದ ಆಗಾಗ ರಕ್ತ ಹೋಗುತ್ತಿತ್ತು. ಆದರೂ ಜಿಪಿ ಹತ್ತಿರ ಹೋಗಿರಲಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ "ಲೇಸರ್ ಮಾಡಿಸಿಕೊಂಡು ಬರೋಣ" ಎಂದು ಕಾಯುತ್ತಿದ್ದರು. ಆಪರೇಷನ್ ಥಿಯೇಟರಿನ ಮುಖವನ್ನೇ ನೋಡದೆ, ಮತ್ತಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆ ಇಲ್ಲಿನ ಹೊರರೋಗಿ ವಿಭಾಗದಲ್ಲೇ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ರಕ್ತ ಮೂಲವ್ಯಾಧಿಯದ್ದೇ ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ತೀರ್ಮಾನ ಅವರದೇ!

ಹಾಗಾಗಿ ಈ ಸಲ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿ ಅಲ್ಲ, ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದಕ್ಕೆ ಸಿದ್ಧತೆ ಅಷ್ಟೇ.

ಇದು ಏನು?

ಮೂಲವ್ಯಾಧಿ ಎಂದರೆ ಹೊಸದಾಗಿ ಹುಟ್ಟಿದ ಗಡ್ಡೆ ಎಂದೇ ಬಹಳ ಮಂದಿಯ ನಂಬಿಕೆ. ಮೊಳೆರೋಗ ಎಂಬ ಹೆಸರೂ ಆ ಅನುಮಾನವನ್ನು ಹೆಚ್ಚಿಸುತ್ತದೆ. ನಿಜವೆಂದರೆ ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಬಾಗಿಲ ಸಂದಿಗೆ ಬಟ್ಟೆ ತುರುಕಿದ ಹಾಗೆ, ಗಾಳಿ ನೀರು ಸೋರದಂತೆ ಅವು ಕಾಪಾಡುತ್ತವೆ. ಇದನ್ನು 1975ರಲ್ಲಿ ಥಾಮ್ಸನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ವಿವರವಾಗಿ ತೋರಿಸಿಕೊಟ್ಟರು. ಮುಕ್ಕರಿಯುವುದು, ಮಲಬದ್ಧತೆ, ಬಸಿರು, ವಯಸ್ಸು ಇತ್ಯಾದಿ ಕಾರಣಗಳಿಂದ ಈ ಮೆತ್ತೆಗಳನ್ನು ಹಿಡಿದಿಟ್ಟ ಎಳೆಗಳು ಸಡಿಲವಾಗಿ, ಮೆತ್ತೆಗಳು ಊದಿ ಕೆಳಗೆ ಜಾರಿದಾಗ ಅದು ಕಾಯಿಲೆ.

ವೈದ್ಯರು ಒಳಮೂಲವ್ಯಾಧಿಯನ್ನು ನಾಲ್ಕು ದರ್ಜೆಯಾಗಿ ವಿಂಗಡಿಸುತ್ತಾರೆ. ರಕ್ತ ಹೋಗುತ್ತದೆ, ಹೊರಗೇನೂ ಬರುವುದಿಲ್ಲ ಎಂದರೆ ಒಂದನೆಯದು. ಮುಕ್ಕರಿದಾಗ ಹೊರಬಂದು ತಾನಾಗಿ ಒಳಹೋದರೆ ಎರಡನೆಯದು. ಕೈಯಿಂದ ಒಳಗೆ ತಳ್ಳಬೇಕಾದರೆ ಮೂರನೆಯದು. ತಳ್ಳಿದರೂ ಒಳಗೆ ನಿಲ್ಲದಿದ್ದರೆ ನಾಲ್ಕನೆಯದು. ಕೆಳಗೆ ಹೇಳುವ ಹೊರರೋಗಿ ಚಿಕಿತ್ಸೆಗಳೆಲ್ಲ ಮುಖ್ಯವಾಗಿ ಮೊದಲ ಎರಡು ದರ್ಜೆಯವರಿಗೆ, ಮೂರನೆಯದರಲ್ಲಿ ಕೆಲವರಿಗೆ. ಗುದದ್ವಾರದ ಅಂಚಿನಲ್ಲಿ ದಿಢೀರನೆ ನೀಲಿ ಬಣ್ಣದ, ಮುಟ್ಟಿದರೆ ಪ್ರಾಣ ಹೋಗುವಂಥ ಗುಳ್ಳೆ ಎದ್ದರೆ ಅದು ಬೇರೆ: ಹೊರಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು. ಅದಕ್ಕೆ ಬ್ಯಾಂಡು ಹಾಕುವುದಿಲ್ಲ. ಮೊದಲ ಮೂರು ದಿನದೊಳಗೆ ತೋರಿಸಿದರೆ ಕೆಲವೊಮ್ಮೆ ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ, ಇಲ್ಲವಾದರೆ ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ.

ಮೊದಲು ತೋರಿಸಿ, ಆಮೇಲೆ ಹೋಲಿಸಿ

ಚಿಕಿತ್ಸೆಯ ಮಾತಿಗೆ ಮುಂಚೆ ಇದೊಂದು ವಿಷಯದ ಮೇಲೆ ನಾವು ಸ್ವಲ್ಪ ಹಟ ಹಿಡಿಯುತ್ತೇವೆ. ಮಲದಲ್ಲಿ ರಕ್ತ ಕಂಡರೆ ಅದು ಹೆಚ್ಚಿನ ಪಾಲು ಮೂಲವ್ಯಾಧಿಯೇ ಆಗಿರುತ್ತದೆ, ಒಪ್ಪಿದೆವು. ಆದರೆ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಬಾಗಿಲು ತಟ್ಟುತ್ತದೆ. ಬ್ರಿಟನ್ನಿನಲ್ಲಿ ಕ್ಯಾನ್ಸರ್ ಸಾವುಗಳಲ್ಲಿ ಶ್ವಾಸಕೋಶದ ನಂತರದ ಸ್ಥಾನ ಅದರದ್ದು. ಬೇಗ ಹಿಡಿದರೆ ಗುಣಪಡಿಸಬಹುದಾದ ಕ್ಯಾನ್ಸರ್ ಕೂಡ ಹೌದು. ಮೂಲವ್ಯಾಧಿ ಇರುವವರಿಗೆ ಮತ್ತೊಂದು ಕಾಯಿಲೆ ಬರಬಾರದೆಂಬ ನಿಯಮವೇನೂ ಇಲ್ಲವಲ್ಲ. ಮಲ ಹೋಗುವ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಸುಸ್ತು ಮತ್ತು ರಕ್ತಹೀನತೆ ಇದ್ದರೆ, ರಕ್ತ ಕಪ್ಪಾಗಿ ಮಲದೊಂದಿಗೆ ಬೆರೆತಿದ್ದರೆ ಒಂದು ದಿನವೂ ತಡಮಾಡಬೇಡಿ.

ಜಿಪಿ ಸಾಮಾನ್ಯವಾಗಿ ಪ್ರಶ್ನೆ ಕೇಳಿ, ಬೆರಳಿನಿಂದ ಪರೀಕ್ಷಿಸಿ, ಅಗತ್ಯ ಕಂಡರೆ ಫಿಟ್ ಎಂಬ ಮಲಪರೀಕ್ಷೆ ಮಾಡಿಸುತ್ತಾರೆ. ಮನೆಯಲ್ಲೇ ಸಣ್ಣ ಕಡ್ಡಿಯಲ್ಲಿ ಮಲ ತೆಗೆದು ಕೊಡುವುದಷ್ಟೇ ನಿಮ್ಮ ಕೆಲಸ. ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರ ಮನೆಗೆ ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಬರುತ್ತದೆ. ನಮಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಅದು ಗ್ಯಾಸ್ ಬಿಲ್ಲಿನ ಕೆಳಗೆ ತೆರೆಯದೆ ಬಿದ್ದಿರುತ್ತದೆ. ದಯವಿಟ್ಟು ಕಳುಹಿಸಿ. ಆದರೆ ಈಗಾಗಲೇ ರಕ್ತ ಹೋಗುತ್ತಿದ್ದರೆ ಅಂಚೆಯ ಕಿಟ್ಟಿಗೆ ಕಾಯಬಾರದು, ನೇರ ಜಿಪಿಯನ್ನೇ ಕಾಣಬೇಕು. ಮಹಿಳೆಯರು ಮಹಿಳಾ ವೈದ್ಯರನ್ನು ಕೇಳಬಹುದು. ಪರೀಕ್ಷೆಯ ವೇಳೆ ಜೊತೆಗೆ ಒಬ್ಬ ನರ್ಸ್ ಇರಲಿ ಎಂದು ಯಾರು ಬೇಕಾದರೂ ಕೇಳಬಹುದು.

ರಾಗಿ, ಸೊಪ್ಪು, ಇಸಬ್‌ಗೋಲ್

ಬಹಳ ಜನರಿಗೆ ಯಾವ ಉಪಕರಣವೂ ಬೇಕಾಗುವುದಿಲ್ಲ. ನಾರಿನಂಶ ಹೆಚ್ಚಿಸಿದರೆ ರಕ್ತ ಹೋಗುವ ತೊಂದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2005ರ ಒಂದು ಕಾಕ್ರೇನ್ ವಿಮರ್ಶೆ ಏಳು ಅಧ್ಯಯನಗಳನ್ನು ಒಟ್ಟು ಸೇರಿಸಿ ಹೇಳಿತು. ಬ್ರಿಟನ್ನಿನಲ್ಲಿ ವಯಸ್ಕರಿಗೆ ದಿನಕ್ಕೆ 30 ಗ್ರಾಂ ನಾರು ಇರಲಿ ಎಂಬುದು ಸಲಹೆ. ಬೆಳಿಗ್ಗೆ ಬಿಳಿ ಬ್ರೆಡ್ಡು, ಮಧ್ಯಾಹ್ನ ಆಫೀಸಿನಲ್ಲಿ ಸ್ಯಾಂಡ್‌ವಿಚ್, ರಾತ್ರಿ ಅನ್ನ ಮೊಸರು ಎಂದರೆ ಅದರ ಅರ್ಧವೂ ಮುಟ್ಟುವುದು ಕಷ್ಟ. ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ನಾನಾ ಸೊಪ್ಪು ಎಲ್ಲವೂ ಸಿಗುತ್ತದೆ. ಇಲ್ಲಿ ಫೈಬೊಜೆಲ್ ಎಂಬ ಹೆಸರಿನಲ್ಲಿ ಮಾರುವುದು ನಮ್ಮ ಇಸಬ್‌ಗೋಲ್ ಹೊಟ್ಟೇ. ಅದರೊಂದಿಗೆ ನೀರು ಸಾಕಷ್ಟು ಕುಡಿಯದಿದ್ದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಲಂಡನ್ನಿನ ಚಳಿಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಿ.

ಕಮೋಡಿನ ಮೇಲೆ ಕೂತು ಮೊಬೈಲ್ ನೋಡುವ ಅಭ್ಯಾಸದ ಬಗ್ಗೆ ಅಮ್ಮಂದಿರು ಬೈಯುತ್ತಲೇ ಇದ್ದರು. ಈಗ ಅವರ ಪರವಾಗಿ ಒಂದು ಅಧ್ಯಯನವೂ ಬಂದಿದೆ. 2025ರಲ್ಲಿ ಬಾಸ್ಟನ್ನಿನ ವೈದ್ಯರು ಕರುಳಿನ ತಪಾಸಣೆಗೆ ಬಂದ 125 ಜನರನ್ನು ವಿಚಾರಿಸಿದಾಗ, ಶೌಚಾಲಯದಲ್ಲಿ ಫೋನ್ ಬಳಸುವವರಲ್ಲಿ ಮೂಲವ್ಯಾಧಿಯ ಸಂಭವ ಶೇಕಡಾ 46ರಷ್ಟು ಹೆಚ್ಚಾಗಿ ಕಂಡಿತು. ಫೋನೇ ಕಾರಣ ಎಂದು ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಆದರೂ ಐದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಕೂರುವುದರಿಂದ ಲಾಭವೇನೂ ಇಲ್ಲ.

ಬ್ಯಾಂಡು, ಚುಚ್ಚುಮದ್ದು, ಶಾಖ

ಇದರಿಂದಲೂ ಜಗ್ಗದಿದ್ದರೆ ಜಿಪಿ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಈ ವಿಷಯದಲ್ಲಿ ಲಂಡನ್ನಿಗೆ ದೊಡ್ಡ ಚರಿತ್ರೆಯೇ ಇದೆ. ಸ್ಟ್ರಾಟ್‌ಫರ್ಡಿನಲ್ಲಿ ಸೆಂಟ್ರಲ್ ಲೈನ್ ಹತ್ತಿ ಸೇಂಟ್ ಪಾಲ್ಸ್‌ನಲ್ಲಿ ಇಳಿದರೆ ಆಲ್ಡರ್ಸ್‌ಗೇಟ್ ಸ್ಟ್ರೀಟ್ ನಡಿಗೆಯ ದೂರ. ಅಲ್ಲಿ 1835ರಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ವೈದ್ಯರು ಬರೀ ಏಳು ಹಾಸಿಗೆಗಳಿಂದ, ಈ ಭಾಗದ ಕಾಯಿಲೆಗಳಿಂದ ನರಳುವ ಬಡವರಿಗೆಂದೇ ಒಂದು ಆಸ್ಪತ್ರೆ ತೆರೆದರು. ಮುಂದೆ ಅದೇ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1841ರಲ್ಲಿ ತನ್ನ ಭಗಂದರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಇದೇ ಸಾಲ್ಮನ್ ಕೈಯಲ್ಲಿ, ಅದೂ ಮತ್ತು ಬರಿಸುವ ಔಷಧಿಗಳಿಲ್ಲದ ಕಾಲದಲ್ಲಿ. ಇಂದಿಗೂ ಬಳಕೆಯಲ್ಲಿರುವ, ಮೂಲವ್ಯಾಧಿಯನ್ನು ಕೊಯ್ದು ತೆಗೆಯುವ ಮಿಲಿಗನ್-ಮಾರ್ಗನ್ ವಿಧಾನ 1937ರಲ್ಲಿ ಪ್ರಕಟವಾದದ್ದೂ ಆ ಆಸ್ಪತ್ರೆಯಿಂದಲೇ. ಗುಣ ಖಚಿತ, ನೋವೂ ಖಚಿತ ಎಂದು ಹೆಸರಾದ ಆಪರೇಷನ್ ಅದು. ಅದನ್ನು ತಪ್ಪಿಸಲೆಂದೇ ಹೊರರೋಗಿ ಚಿಕಿತ್ಸೆಗಳು ಬೆಳೆದವು.

ಮೊದಲನೆಯದು ರಬ್ಬರ್ ಬ್ಯಾಂಡ್. 1958ರಲ್ಲಿ ಅಮೆರಿಕದ ಬ್ಲೇಸ್‌ಡೆಲ್ ಆರಂಭಿಸಿದ ಈ ವಿಧಾನವನ್ನು 1963ರಲ್ಲಿ ಡೆಟ್ರಾಯಿಟಿನ ಬ್ಯಾರನ್ ಸುಧಾರಿಸಿದರು. ನೀವು ಎಡಮಗ್ಗುಲಾಗಿ ಮೊಣಕಾಲು ಮಡಚಿ ಮಲಗುತ್ತೀರಿ. ವೈದ್ಯರು ಸಣ್ಣ ನಳಿಕೆಯೊಂದನ್ನು ಒಳಗಿಟ್ಟು, ಊದಿದ ಮೆತ್ತೆಯ ಮೇಲ್ಭಾಗವನ್ನು ಹೀರಿ ಹಿಡಿದು, ಅದರ ಬುಡಕ್ಕೆ ಪುಟ್ಟ ರಬ್ಬರ್ ಉಂಗುರವನ್ನು ಬಿಡುತ್ತಾರೆ. ರಕ್ತ ಸಂಚಾರ ನಿಂತು ಆ ತುಣುಕು ಒಣಗಿ, ಸಾಮಾನ್ಯವಾಗಿ ಮೂರರಿಂದ ಹತ್ತು ದಿನದಲ್ಲಿ ಮಲದೊಂದಿಗೆ ಉದುರುತ್ತದೆ. ಆ ಜಾಗದಲ್ಲಿ ಉಂಟಾಗುವ ಗಾಯದ ಕಲೆ ಉಳಿದ ಮೆತ್ತೆಯನ್ನು ಮೇಲಕ್ಕೆ ಅಂಟಿಸಿ ಹಿಡಿಯುತ್ತದೆ. ಬ್ಯಾಂಡು ಬೀಳುವ ಎತ್ತರದಲ್ಲಿ ಚರ್ಮದಂತೆ ನೋವು ತಿಳಿಯುವ ನರಗಳಿಲ್ಲ, ಹಾಗಾಗಿ ಮತ್ತು ಬೇಡ. ಹಾಕಿದ ಕ್ಷಣದಲ್ಲೇ ಚುರುಕ್ಕೆಂದು ತೀವ್ರವಾಗಿ ನೊಂದರೆ ಕೂಡಲೇ ಹೇಳಿ. ಬ್ಯಾಂಡು ಕೆಳಗೆ ಬಿದ್ದಿರಬಹುದು, ತೆಗೆದು ಮತ್ತೆ ಹಾಕುತ್ತಾರೆ. ಒಂದೆರಡು ದಿನ ಭಾರ ಭಾರ, ಮಲಕ್ಕೆ ಹೋಗಬೇಕೆನಿಸುವ ಭಾವ ಇರುತ್ತದೆ. ಹೋಗಿ ಕೂತು ಮುಕ್ಕರಿಯಬೇಡಿ, ಅದು ಬ್ಯಾಂಡಿನ ಮಾಯೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಕೋಡೀನ್ ಬೆರೆತ ಮಾತ್ರೆ ಮಲಬದ್ಧತೆ ತರುತ್ತದೆ, ಬೇಡ.

ಎರಡನೆಯದು ಚುಚ್ಚುಮದ್ದು. ಮೆತ್ತೆಯ ಬುಡದಲ್ಲಿ ಬಾದಾಮಿ ಎಣ್ಣೆಯಲ್ಲಿ ಬೆರೆಸಿದ ಫೀನಾಲ್ ಚುಚ್ಚಿ ರಕ್ತನಾಳ ಕುಗ್ಗಿಸುವುದು ಬ್ರಿಟನ್ನಿನ ಹಳೆಯ ಪದ್ಧತಿ. ಈಚೆಗೆ ಕೆಲವೆಡೆ ನೊರೆಯ ರೂಪದ ಪಾಲಿಡೊಕನಾಲ್ ಕೂಡ ಬಳಸುತ್ತಾರೆ. ನೋವು ಕಡಿಮೆ, ರಕ್ತ ಬೇಗ ನಿಲ್ಲುತ್ತದೆ. ಆದರೆ ಫಲ ಬಹಳ ಕಾಲ ಉಳಿಯುವುದಿಲ್ಲ, ಹೊರಗೆ ಜಾರುವ ಮೂಲವ್ಯಾಧಿಗೆ ಪ್ರಯೋಜನ ಕಡಿಮೆ. ಬಾದಾಮಿಯಂಥ ಬೀಜಗಳ ಅಲರ್ಜಿ ಇದ್ದವರು, ಹಾಗೆಯೇ ಬ್ಯಾಂಡಿನ ಮುಂಚೆ ರಬ್ಬರ್ ಅಲರ್ಜಿ ಇದ್ದವರು ಬಾಯಿಬಿಟ್ಟು ಹೇಳಬೇಕು.

ಮೂರನೆಯದು ಶಾಖ. ಅತಿಗೆಂಪು ಕಿರಣದ ಉಪಕರಣದ ತುದಿಯನ್ನು ಒಂದೆರಡು ಸೆಕೆಂಡು ಒತ್ತಿ ಮೆತ್ತೆಯ ಬುಡವನ್ನು ಹೆಪ್ಪುಗಟ್ಟಿಸುತ್ತಾರೆ. ಬ್ಯಾಂಡಿಗಿಂತ ನೋವು ಕಡಿಮೆ, ಆದರೆ ಸಣ್ಣ ಮೂಲವ್ಯಾಧಿಗಷ್ಟೇ ಸರಿ, ಪದೇ ಪದೇ ಹೋಗಬೇಕಾಗುತ್ತದೆ. ಸಣ್ಣ ಪ್ರಮಾಣದ ವಿದ್ಯುತ್ ಹರಿಸುವ ಇನ್ನೊಂದು ವಿಧಾನಕ್ಕೆ ಇಲ್ಲಿನ ನೈಸ್ ಸಂಸ್ಥೆ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಒಂದೊಂದು ಮೆತ್ತೆಗೂ ಹಲವು ನಿಮಿಷ ತಗಲುವುದರಿಂದ ಮಲಗಿಕೊಂಡಿರುವ ತಾಳ್ಮೆ ಬೇಕು.

ಇವುಗಳಲ್ಲಿ ಯಾವುದು ಮೇಲು? 1995ರಲ್ಲಿ ಟೊರಾಂಟೊದ ಮೆಕ್‌ರೇ ಮತ್ತು ಮೆಕ್ಲೌಡ್ ಎಂಬ ವೈದ್ಯರು 18 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಮೊದಲ ಮೂರು ದರ್ಜೆಗಳಿಗೆ ಬ್ಯಾಂಡಿನಿಂದಲೇ ಆರಂಭಿಸುವುದು ಸರಿ ಎಂದರು. ಬ್ಯಾಂಡು ಹಾಕಿಸಿಕೊಂಡವರಿಗೆ ಮತ್ತೆ ಚಿಕಿತ್ಸೆ ಬೇಕಾದದ್ದು ಚುಚ್ಚುಮದ್ದು ಮತ್ತು ಶಾಖದವರಿಗಿಂತ ಕಡಿಮೆ, ನೋವು ಮಾತ್ರ ತುಸು ಹೆಚ್ಚು. ಅಲ್ಲಿಂದೀಚೆಗೆ ಈ ಅಭಿಪ್ರಾಯ ಹೆಚ್ಚೇನೂ ಬದಲಾಗಿಲ್ಲ.

ಆದರೆ ಬ್ಯಾಂಡು ಹಾಕಿಸಿಕೊಂಡವರಲ್ಲಿ ಕೆಲವರು "ಏನೂ ಪ್ರಯೋಜನವಾಗಲಿಲ್ಲ, ಮತ್ತೆ ಬಂತು" ಎಂದು ಬೇಸರಪಡುತ್ತಾರೆ. ಅವರಿಗೆ ಯಾರೂ ಮೊದಲೇ ಬಿಡಿಸಿ ಹೇಳಿರುವುದಿಲ್ಲ. ಬ್ರಿಟನ್ನಿನ 17 ಎನ್‌ಎಚ್‌ಎಸ್ ಕೇಂದ್ರಗಳಲ್ಲಿ 372 ಜನರ ಮೇಲೆ ನಡೆದ ಹಬಲ್ ಎಂಬ ಅಧ್ಯಯನ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬ್ಯಾಂಡು. ಇನ್ನೊಂದು ಗುಂಪಿಗೆ ಮತ್ತು ಕೊಟ್ಟು, ಶಬ್ದತರಂಗದಿಂದ ರಕ್ತನಾಳ ಹುಡುಕಿ ಹೊಲಿಗೆ ಹಾಕುವ ಆಪರೇಷನ್. ಒಂದು ವರ್ಷದಲ್ಲಿ ಬ್ಯಾಂಡಿನವರಲ್ಲಿ ಶೇಕಡಾ 49 ಜನರಿಗೆ, ಹೊಲಿಗೆಯವರಲ್ಲಿ ಶೇಕಡಾ 30 ಜನರಿಗೆ ತೊಂದರೆ ಮರುಕಳಿಸಿತ್ತು. ಇಷ್ಟನ್ನೇ ಓದಿದರೆ ಬ್ಯಾಂಡು ಸೋತಿತು ಎನಿಸುತ್ತದೆ. ಆದರೆ ಈ ವ್ಯತ್ಯಾಸದ ಮುಖ್ಯ ಕಾರಣ, ಬ್ಯಾಂಡಿನವರಿಗೆ ಎರಡನೇ ಸಲ ಬ್ಯಾಂಡು ಬೇಕಾದದ್ದನ್ನೂ ಮರುಕಳಿಕೆ ಎಂದೇ ಎಣಿಸಿದ್ದು. ಮೊದಲ ವಾರದ ನೋವು ಹೊಲಿಗೆಯವರಿಗೇ ಹೆಚ್ಚು. ಜೀವನದ ಗುಣಮಟ್ಟದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಅಂದರೆ ಬ್ಯಾಂಡನ್ನು ಒಂದೇ ಏಟಿನ ಮದ್ದು ಎಂದು ನೋಡದೆ, ಎರಡು ಮೂರು ಸಲದ ಒಂದು ಕೋರ್ಸ್ ಎಂದು ನೋಡಬೇಕು. ಹಲ್ಲಿನ ಡಾಕ್ಟರ ಬಳಿ ರೂಟ್ ಕೆನಾಲಿಗೆ ಮೂರು ಸಲ ಹೋಗುವಾಗ ನಾವು ಯಾರೂ ಚಿಕಿತ್ಸೆ ಸೋತಿತು ಎನ್ನುವುದಿಲ್ಲ.

2018ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಹೊರಡಿಸಿದ ಮಾರ್ಗಸೂಚಿಯೂ ಇದೇ ದಾರಿಯದು: ಆಹಾರ ಮತ್ತು ಬ್ಯಾಂಡಿನಂಥವು ಫಲಿಸದವರಿಗೆ, ಅಥವಾ ತೀವ್ರವಾದ ಮೂಲವ್ಯಾಧಿಗೆ ಮಾತ್ರ ಆಪರೇಷನ್. ಆದ್ದರಿಂದ ಡಾಕ್ಟರು ಬ್ಯಾಂಡು ಹೇಳಿದರೆ "ದುಡ್ಡು ಉಳಿಸಲು ಹೀಗೆ ಮಾಡುತ್ತಾರೆ" ಎಂದುಕೊಳ್ಳಬೇಕಿಲ್ಲ. ಹಾಗೆಯೇ ಸದಾ ಹೊರಗೇ ಇರುವ ನಾಲ್ಕನೇ ದರ್ಜೆಗೆ ಬ್ಯಾಂಡು ಸಾಲದು. ಅಂಥವರು ಆಪರೇಷನ್ ಬೇಡವೆಂದು ಅಲೆಯುತ್ತ ವರ್ಷಗಳನ್ನು ಕಳೆಯುವುದೂ ಸರಿಯಲ್ಲ.

ಊರಿನ ಲೇಸರ್, ಊರಿನ ಕ್ಷಾರಸೂತ್ರ

ಬೆಂಗಳೂರಿನ ಲೇಸರ್ ವಿಷಯಕ್ಕೆ ಬರೋಣ. ಮೆತ್ತೆಯೊಳಗೆ ಸಣ್ಣ ತಂತಿ ತೂರಿಸಿ ಲೇಸರ್ ಶಾಖದಿಂದ ಕುಗ್ಗಿಸುವ ವಿಧಾನ ಇದು, ಇಲ್ಲಿಯೂ ಖಾಸಗಿಯಾಗಿ ಸಿಗುತ್ತದೆ. ಕೊಯ್ಯುವ ಆಪರೇಷನ್ನಿಗಿಂತ ನೋವು ಕಡಿಮೆ ಎಂಬುದು ನಿಜ. ಆದರೆ ಬಹುಪಾಲು ಮತ್ತು ಕೊಟ್ಟು ಥಿಯೇಟರಿನಲ್ಲೇ ಮಾಡುವುದರಿಂದ ಅದನ್ನು ಬ್ಯಾಂಡಿನ ಸಾಲಿನಲ್ಲಿ ಇಡುವ ಹಾಗಿಲ್ಲ. ಇದೂ ಮರುಕಳಿಸಬಹುದು. "ಶಾಶ್ವತ ಪರಿಹಾರ, ಒಂದೇ ದಿನದಲ್ಲಿ" ಎಂಬ ಜಾಹೀರಾತು ಕಂಡರೆ ಹುಷಾರು. ನಿಮ್ಮದು ಒಂದನೇ ದರ್ಜೆಯೋ ಮೂರನೆಯದೋ ಎಂದು ನೋಡುವ ಮೊದಲೇ ಪ್ಯಾಕೇಜಿನ ಬೆಲೆ ಹೇಳುವವರಿಂದ ದೂರವಿರುವುದು ಮೇಲು.

ಆಯುರ್ವೇದದ ಬಗ್ಗೆ ಹಗುರವಾಗಿ ಮಾತಾಡುವವರು ನಾವಲ್ಲ. ಸುಶ್ರುತ ಸಂಹಿತೆ ಅರ್ಶಸ್ಸಿಗೆ ಔಷಧಿ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳುತ್ತದೆ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಇಂದಿನ ವೈದ್ಯರೂ ಅದೇ ನಾಲ್ಕರ ಸುತ್ತ ತಿರುಗುತ್ತಿದ್ದಾರೆ ಎನಿಸದಿರದು. ಕುತ್ಪಾಡಿ, ಹಾಸನದಂಥ ಕಡೆಯ ಆಯುರ್ವೇದ ಕಾಲೇಜುಗಳಲ್ಲಿ ಶಲ್ಯತಂತ್ರ ಕಲಿತ ವೈದ್ಯರು ಕ್ಷಾರಸೂತ್ರ ಚಿಕಿತ್ಸೆ ಮಾಡುತ್ತಾರೆ. ಆದರೆ ಒಂದು ಗೊಂದಲ ಬಿಡಿಸಬೇಕು: ಐಸಿಎಂಆರ್ 1991ರಲ್ಲಿ ಪ್ರಕಟಿಸಿದ ಹೆಸರಾಂತ ಕ್ಷಾರಸೂತ್ರ ಅಧ್ಯಯನ ಭಗಂದರದ ಕುರಿತದ್ದು, ಮೂಲವ್ಯಾಧಿಯದ್ದಲ್ಲ. ಅಲ್ಲಿ ಗುಣವಾಗಲು ಆಪರೇಷನ್ನಿಗಿಂತ ಹೆಚ್ಚು ವಾರ ಹಿಡಿದರೂ ಮರುಕಳಿಕೆ ಕಡಿಮೆಯಿತ್ತು. ಒಂದು ಕಾಯಿಲೆಯ ಪ್ರಮಾಣಪತ್ರವನ್ನು ಇನ್ನೊಂದರ ಗೋಡೆಗೆ ತೂಗುಹಾಕಬಾರದು. ಇನ್ನು ಬಸ್ ಸ್ಟ್ಯಾಂಡಿನ ಬಳಿ ಬೋರ್ಡು ಹಾಕಿಕೊಂಡು, ಏನೆಂದು ಹೇಳದ ದ್ರವ ಚುಚ್ಚುವವರ ಕೈಗೆ ಮಾತ್ರ ಸಿಗಬೇಡಿ. ಮಜ್ಜಿಗೆ, ಸುವರ್ಣಗಡ್ಡೆ ಪಲ್ಯಕ್ಕೆ ನಮ್ಮ ಅಡ್ಡಿಯಿಲ್ಲ.

ಬ್ಯಾಂಡು ಹಾಕಿಸಿಕೊಂಡ ಮೇಲೆ

ಬ್ಯಾಂಡು ಉದುರುವಾಗ ಸ್ವಲ್ಪ ರಕ್ತ ಕಾಣುವುದು ಸಹಜ. ಅಪರೂಪಕ್ಕೆ ಹತ್ತು ಹದಿನಾಲ್ಕು ದಿನದವರೆಗೂ ಜೋರಾಗಿ ರಕ್ತ ಹೋಗುವ ಸಂಭವವಿದೆ. ಆದ್ದರಿಂದ ಬ್ಯಾಂಡು ಹಾಕಿಸಿಕೊಂಡ ಎರಡು ವಾರದೊಳಗೆ ಬೆಂಗಳೂರಿನ ವಿಮಾನ ಹತ್ತುವ ಯೋಜನೆ ಬೇಡ. ಅಟ್ಲಾಂಟಿಕ್ ಆಗಲಿ ಅರಬ್ಬಿ ಸಮುದ್ರವಾಗಲಿ, ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಡಾಕ್ಟರು ಸಿಗುವುದು ಅದೃಷ್ಟದ ಮಾತು. ಡಿಸೆಂಬರ್ ರಜೆಗೆ ಟಿಕೆಟ್ ಮಾಡಿಸಿದ್ದರೆ ಕ್ಲಿನಿಕ್ಕಿನಲ್ಲಿ ದಿನಾಂಕ ಕೊಡುವಾಗಲೇ ಹೇಳಿಬಿಡಿ.

ಬಹಳ ಅಪರೂಪವಾದರೂ ನೆನಪಿಡಬೇಕಾದದ್ದು ಸೋಂಕು. ನೋವು ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಜಿಪಿ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ಎ ಅಂಡ್ ಇಗೆ ಹೋಗಿ, ಬ್ಯಾಂಡು ಹಾಕಿಸಿಕೊಂಡದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ. ರಕ್ತ ಧಾರೆಯಾಗಿ ಹೋದರೂ ಹಾಗೆಯೇ. ಸಂದೇಹವಷ್ಟೇ ಇದ್ದರೆ 111ಕ್ಕೆ ಫೋನ್ ಮಾಡಬಹುದು. ಬಸುರಿಯರಿಗೆ ಸಾಮಾನ್ಯವಾಗಿ ಬ್ಯಾಂಡು ಹಾಕುವುದನ್ನು ಮುಂದೂಡುತ್ತಾರೆ; ಹೆರಿಗೆಯ ನಂತರ ಎಷ್ಟೋ ಜನರಿಗೆ ತಾನಾಗಿ ಇಳಿಯುತ್ತದೆ.

ನಮ್ಮ ನ್ಯೂಹ್ಯಾಮ್ ಕಡೆಯವರಿಗೆ ಹತ್ತಿರದ ಆಸ್ಪತ್ರೆಗಳೆಂದರೆ ಪ್ಲೇಸ್ಟೋದ ನ್ಯೂಹ್ಯಾಮ್, ವೈಟ್‌ಚಾಪೆಲಿನ ರಾಯಲ್ ಲಂಡನ್, ಲೇಟನ್‌ಸ್ಟೋನಿನ ವಿಪ್ಸ್ ಕ್ರಾಸ್. ಮೂರೂ ಬಾರ್ಟ್ಸ್ ಹೆಲ್ತ್ ಟ್ರಸ್ಟಿನವು. ಮೊದಲ ಭೇಟಿಗೆ ಯಾವ ಆಸ್ಪತ್ರೆ ಎಂದು ಆರಿಸುವ ಹಕ್ಕು ಇಂಗ್ಲೆಂಡಿನಲ್ಲಿ ರೋಗಿಗಿದೆ. ಕಾಯುವ ಸಮಯ ಎಲ್ಲಿ ಕಡಿಮೆ ಎಂದು ಜಿಪಿ ಬಳಿ ಕೇಳಿ ನೋಡಿ. ವೀಸಾದೊಂದಿಗೆ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದವರಿಗೆ ಈ ಚಿಕಿತ್ಸೆಗೆ ಬೇರೆ ಹಣವಿಲ್ಲ.

ಊರಿಂದ ಆರು ತಿಂಗಳಿಗೆ ಬರುವ ಅಪ್ಪ ಅಮ್ಮಂದಿರ ವಿಷಯ ಬೇರೆ. ಜಿಪಿಯನ್ನು ಕಾಣಲು ಅವರಿಗೂ ಹಣ ಕೊಡಬೇಕಿಲ್ಲ, ಎ ಅಂಡ್ ಇ ಕೂಡ ಉಚಿತ. ಆದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಂದರ್ಶಕರಿಗೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ಲಾಗುತ್ತದೆ. ಹಾಗಾಗಿ ಪ್ರಯಾಣದ ವಿಮೆಯ ಷರತ್ತುಗಳನ್ನು ಹೊರಡುವ ಮುನ್ನವೇ ಓದಿ. ಹೃದಯಕ್ಕೆಂದು ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಪಿಕ್ಸಬಾನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬ್ಯಾಂಡಿನ ನಂತರ ರಕ್ತಸ್ರಾವದ ಭಯ ಹೆಚ್ಚು. ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ, ಅದನ್ನು ಡಾಕ್ಟರೇ ತೀರ್ಮಾನಿಸಬೇಕು. ಊರಿನ ಮಾತ್ರೆಯ ಬ್ರ್ಯಾಂಡ್ ಹೆಸರು ಇಲ್ಲಿನವರಿಗೆ ಗೊತ್ತಾಗುವುದಿಲ್ಲ. ಖಾಲಿ ಸ್ಟ್ರಿಪ್ ಆದರೂ ಸರಿ, ಒಂದೊಂದನ್ನು ಚೀಲದಲ್ಲಿ ಹಾಕಿಕೊಂಡು ಜೊತೆಗೆ ಕರೆದುಕೊಂಡು ಹೋಗಿ. ಅಮ್ಮನಿಗೆ ಹೇಳಿಕೊಳ್ಳಲು ಸಂಕೋಚವಾದರೆ ಮಗನ ಬದಲು ಸೊಸೆಯೋ ಮಗಳೋ ಒಳಗೆ ಹೋಗಲಿ. ಇಬ್ಬರೂ ಬೇಡವೆಂದರೆ ಕನ್ನಡ ದುಭಾಷಿ ಬೇಕೆಂದು ಮುಂಚಿತವಾಗಿ ಕೇಳಿಕೊಳ್ಳಬಹುದು.